ಏಳನೆಯ ಬಾಗಿಲು ಮತ್ತು ಅವ್ವನ ಕೆಮ್ಮು

ಉಪದೇಶ ಮಾಡುವುದಕ್ಕೆ ಮನುಷ್ಯನಿಗೆ ಅನುಭವವೇನೂ ಬೇಕಾಗಿಲ್ಲ. ಒಂದು ಮೈಕು, ಎದುರಿಗೆ ಎದ್ದು ಹೋಗಲು ಸಂಕೋಚಪಡುವ ನಾಲ್ಕು ಜನ ಇದ್ದರೆ ಸಾಕು. ಇದನ್ನು ನಾನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ. ಒಂದು ಕಾಲದಲ್ಲಿ ಹೈದರಾಬಾದಿನ ಕನ್ನಡಿಗರನ್ನೆಲ್ಲ ಜೂಜಿನ ಚಟದಿಂದ ಪಾರುಮಾಡಲು ಹೊರಟವನು ನಾನೇ. ಅವರಲ್ಲಿ ಯಾರಿಗೂ ಆ ಚಟ ಇದ್ದ ಹಾಗೆ ಕಾಣುತ್ತಿರಲಿಲ್ಲ. ಇದ್ದದ್ದು ನನಗೆ. ಅದನ್ನು ಒಪ್ಪಿಕೊಳ್ಳುವ ಧೈರ್ಯ ಈಗ ಬಂದಿದೆ, ಏಕೆಂದರೆ ಆ ಟಿವಿ ಷೋ ಮುಗಿದು ಎಷ್ಟೋ ವರ್ಷವಾಯಿತು, ನಮ್ಮ ಕಾರ್ಖಾನೆಯ ಬಸ್ಸು ಗುಜರಿಗೆ ಹೋಯಿತು, ನನಗೆ ಬೈಯುವ ಹಕ್ಕಿದ್ದ ಅವ್ವನೂ ಈಗ ಇಲ್ಲ.

ಊರಿನ ಪಡುವಣದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳವು. ನಾನು ಕುಷಾಯಿಗೂಡದ ಕಡೆಯ ಒಂದು ಸರಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಮನೆ ಮಾತ್ರ ಬಾಲಾನಗರದಲ್ಲಿ, ಅಪ್ಪ ಕಟ್ಟಿಸಿದ್ದು. ಅಪ್ಪ ಗುಲಬರ್ಗಾ ಕಡೆಯಿಂದ ಬಂದು ಬಾಲಾನಗರದ ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮುಂದೆ ನಿಂತೇ ಆಯುಷ್ಯ ಕಳೆದವನು. ಮನೆಯಲ್ಲಿ ನಾನು, ಹೆಂಡತಿ ನೀಲಾ, ಅವ್ವ. ಮೇಲಿನ ಒಂದು ಕೋಣೆಯಲ್ಲಿ ಮೈಸೂರಿನ ವಿದ್ಯಾ ಎಂಬ ಹುಡುಗಿ ಬಾಡಿಗೆಗೆ ಇದ್ದಳು. ಗಾಜಿನ ಕಟ್ಟಡವೊಂದರಲ್ಲಿ ಅವಳ ಕೆಲಸ. ಏನು ಕೆಲಸವೆಂದು ಕೇಳಿದರೆ ಅವಳು ವಿವರವಾಗಿ ಹೇಳುತ್ತಿದ್ದಳು, ನಾವು ವಿವರವಾಗಿ ತಲೆಯಾಡಿಸುತ್ತಿದ್ದೆವು.

ವಿದ್ಯಾಳಂಥ ಹುಡುಗ ಹುಡುಗಿಯರು ಬಂದು ಸೇರಿದ ಮೇಲೆ ನಮ್ಮ ಕನ್ನಡ ಸಂಘದ ಚಹರೆಯೇ ಬದಲಾಯಿತು. ಅದುವರೆಗೆ ಸಂಘವೆಂದರೆ ನಮ್ಮಂಥ ಕಾರ್ಖಾನೆಯವರು, ಬ್ಯಾಂಕಿನವರು, ರಕ್ಷಣಾ ಇಲಾಖೆಯವರು. ನವೆಂಬರಿನಲ್ಲಿ ಎರಡು ಭಾವಗೀತೆ, ಮೂರು ಭಾಷಣ, ಭಾಷಣ ಮುಗಿಯುವವರೆಗೆ ಬಾಗಿಲು ಹಾಕಿಟ್ಟ ಊಟದ ಕೋಣೆ. ಭಾಷಣ ಎಷ್ಟು ಹೊತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಈ ಮಕ್ಕಳು ಬಂದವರೇ ಎಲ್ಲದಕ್ಕೂ ನಿಮಿಷ ಗೊತ್ತುಮಾಡಿದರು, ಗಂಟೆ ಇಟ್ಟರು. ಆ ವರ್ಷ ಚರ್ಚಾಸ್ಪರ್ಧೆ ಮಾಡೋಣವೆಂದು ವಿದ್ಯಾಳೇ ವಿಷಯ ಹುಡುಕಿದಳು: "ಜೂಜಿನ ರಿಯಾಲಿಟಿ ಷೋಗಳು ನೋಡುಗರಿಗೆ ಹಾನಿಕರವೇ?" ಷೋಗಳ ಪರವಾಗಿ ಮಾತಾಡಲು ಹುಡುಗರ ದಂಡೇ ಇತ್ತು. ವಿರೋಧಿಸಲು ಹಿರಿಯರೊಬ್ಬರು ಬೇಕಾಗಿತ್ತು. "ಅಂಕಲ್, ನೀವು ಬೈಯೋದನ್ನ ದಿನಾ ಮೇಲೆ ಕೂತ್ಕೊಂಡು ಕೇಳಿಸ್ಕೋತೀನಿ. ಅದನ್ನೇ ಸ್ಟೇಜ್ ಮೇಲೆ ಹೇಳ್ಬಿಡಿ, ಏಳೇ ನಿಮಿಷ," ಎಂದಳು. ಹೊಗಳಿಕೆಯೋ ದೂರೋ ತಿಳಿಯದೆ ಒಪ್ಪಿಕೊಂಡೆ.

ನಾನು ದಿನಾ ಬೈಯುತ್ತಿದ್ದದ್ದು ನಿಜ. ಆಗ ಮಂಗಳವಾರ, ಶುಕ್ರವಾರ ಸಂಜೆ ಒಂದು ಹಿಂದಿ ಷೋ ಬರುತ್ತಿತ್ತು. ವೇದಿಕೆಯ ಮೇಲೆ ಏಳು ಬಾಗಿಲು, ನಡುವೆ ಒಂದು ಮೆತ್ತನೆಯ ಕುರ್ಚಿ. ಯಾವುದೋ ಊರಿನ ಬಡಪಾಯಿ ಬಂದು ಅದರಲ್ಲಿ ಕೂರುತ್ತಾನೆ. ಮೊದಲ ಬಾಗಿಲು ತೆರೆದರೆ ಮಿಕ್ಸರ್. ಸಾಕು ಎಂದು ಎದ್ದರೆ ಮಿಕ್ಸರ್ ಅವನದು. ಎರಡನೆಯದು ತೆರೆದರೆ ಫ್ರಿಜ್ ಇರಬಹುದು, ಖಾಲಿಯೂ ಇರಬಹುದು. ಖಾಲಿಯಿದ್ದರೆ ಮಿಕ್ಸರೂ ಹೋಯಿತು. ಹೀಗೆ ಏಳನೆಯ ಬಾಗಿಲಿನ ಹಿಂದೆ ಒಂದು ಕಾರಂತೆ. ಕೋಟು ತೊಟ್ಟ ನಿರೂಪಕ ಪ್ರತಿ ಸಲವೂ ಬೆಣ್ಣೆಯಂಥ ದನಿಯಲ್ಲಿ, ಏಳುತ್ತೀರೋ ಇನ್ನೊಂದು ಬಾಗಿಲು ತೆರೆಯುತ್ತೀರೋ ಎಂದು ಕೇಳುತ್ತಿದ್ದ. ಏಳುವವರು ಬಹಳ ಕಡಿಮೆ. ನಾಲ್ಕನೆಯ ಬಾಗಿಲಿನ ತನಕ ಗೆದ್ದದ್ದನ್ನೆಲ್ಲ ಐದನೆಯದಕ್ಕೆ ಕಳಕೊಂಡು, ಕೈಬೀಸಿ ನಗುತ್ತ ಹೋಗುತ್ತಿದ್ದರು.

ಅವ್ವ ಈ ಷೋ ಬಿಡುತ್ತಿರಲಿಲ್ಲ. ಆಕೆಯ ಹಿಂದಿ ಎಂದರೆ ದಖ್ಖನಿ. ಗುಲಬರ್ಗಾದಲ್ಲಿ ಹುಟ್ಟಿ ಬಾಲಾನಗರದ ತರಕಾರಿಯವರ ಜೊತೆ ಚೌಕಾಸಿ ಮಾಡಿ ಪಳಗಿದ್ದು. ಷೋ ಶುರುವಾಗುವ ಹೊತ್ತಿಗೆ ಜೋಳದ ಭಕ್ರಿಯ ಹಿಟ್ಟನ್ನು ಪರಾತದಲ್ಲೇ ಬಿಟ್ಟು, ಕೈ ಒರೆಸಿಕೊಂಡು, ಪಡಸಾಲೆಯ ಒಳಬಾಗಿಲಿನ ಪರದೆಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಸೋಫಾ ಇತ್ತು, ಅದರ ಮೇಲೆ ಕೂರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವನನ್ನು ಅವಳು ಅಲ್ಲಿಂದಲೇ ಬೈಯುತ್ತಿದ್ದಳು: "ಏಳೋ ಮೂಳಾ! ಫ್ರಿಜ್ ಬಂತಲ್ಲೋ, ತೊಗೊಂಡು ಮನೀಗಿ ಹೋಗೋ! ಹೇಣ್ತಿ ಮಕ್ಕಳು ಕಾಯಾಕತ್ತಾರ ಅಲ್ಲಿ!" ಅವನು ಏಳದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ರಾಮನಾಮ ಹೇಳಬೇಕಾದ ಬಾಯಲ್ಲಿ ಫ್ರಿಜ್ಜು, ಸ್ಕೂಟರು! ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ನೋಡುಗರ ಮೇಲಾಗುವ ಹಾನಿಗೆ ಜೀವಂತ ನಿದರ್ಶನವೆಂದು ಅವ್ವನ ಲಕ್ಷಣಗಳನ್ನು ಬರೆಯತೊಡಗಿದೆ. ಕೂಗಾಟ. ಹಸಿವಿಲ್ಲದಿರುವುದು. ಭಕ್ರಿ ತಡವಾಗುವುದು. ಮೂರನೆಯದು ನನಗೆ ವೈಯಕ್ತಿಕವಾಗಿ ಬಹಳ ಹಾನಿಕರವೆನಿಸಿದ್ದರಿಂದ ಅದರ ಕೆಳಗೆ ಎರಡು ಗೆರೆ ಎಳೆದೆ.

ಈಗ ನನ್ನ ವಿಷಯ. ನಮ್ಮ ಕಾರ್ಖಾನೆಯ ಬಸ್ಸಿನಲ್ಲಿ ಸೀಟುಗಳಿಗೆ ನಂಬರಿರಲಿಲ್ಲ, ಹಿರಿತನವಿತ್ತು. ಎಡಗಡೆಯ ಮೂರನೆಯ ಸಾಲಿನ ಕಿಟಕಿ ಸೀಟು ನನಗೆ ಬಂದದ್ದು ಹದಿನಾಲ್ಕು ವರ್ಷ ಸವೆದ ಮೇಲೆ. ಅದರಲ್ಲಿ ಕೂರುತ್ತಿದ್ದ ಹಿರಿಯರು ನಿವೃತ್ತರಾದ ದಿನ ಕರ್ಚೀಫಿನಿಂದ ಒರೆಸಿ, ಎಲ್ಲರ ಮುಂದೆ ನನ್ನನ್ನು ಕೂರಿಸಿ ಹೋಗಿದ್ದರು. ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ, ಮಳೆ ಸೋರುತ್ತಿರಲಿಲ್ಲ, ತಲೆಯಿಡಲು ಸರಳು ಸರಿಯಾದ ಎತ್ತರದಲ್ಲಿತ್ತು. ಪಕ್ಕದ ಸೆಕ್ಷನ್ನಿನ ತೆಲುಗಿನವ ಯಾದಗಿರಿಗೆ ಆ ಸೀಟಿನ ಮೇಲೆ ಕಣ್ಣು. ಒಂದು ಶುಕ್ರವಾರ ಬೆಳಿಗ್ಗೆ ಅವನು ಬಸ್ಸಿನಲ್ಲಿ ಎದ್ದು ನಿಂತು, "ಏಮಿ ಬಸವರಾಜ್ ಸಾರು, ಇವತ್ತು ಸಂಜೆ ಆ ಕುರ್ಚಿ ಮೇಲೆ ಕೂತವನು ಏಳ್ತಾನಾ, ಏಳಲ್ವಾ? ಹೇಳಿ ನೋಡೋಣ. ಶರ್ತ್!" ಎಂದ. ಅವನ ಕನ್ನಡ ನಮ್ಮಿಂದಲೇ ಕಲಿತದ್ದು, ಶರ್ತಿನ ಬುದ್ಧಿ ಮಾತ್ರ ಸ್ವಂತದ್ದು. ನಾನು ಏಳುತ್ತಾನೆ ಎಂದೆ. ಏಳಲಿಲ್ಲ. ಒಂದು ವಾರ ಸೀಟು ಹೋಯಿತು. ಅದನ್ನು ಮರಳಿ ಗೆಲ್ಲಲು ಮಂಗಳವಾರ ಎರಡು ವಾರದ ಸೀಟು ಪಣಕ್ಕಿಟ್ಟೆ. ಧರ್ಮರಾಯನ ನೆನಪು ಬಾರದೆ ಇರಲಿಲ್ಲ, ಆದರೆ ಅವನಿಗೆ ಲೆಕ್ಕ ತಪ್ಪಿತ್ತು, ನನಗೆ ತಪ್ಪುವುದಿಲ್ಲ ಎಂದುಕೊಂಡೆ. ಚರ್ಚಾಸ್ಪರ್ಧೆ ಹತ್ತಿರ ಬರುವ ಹೊತ್ತಿಗೆ ಮುಂದಿನ ಯುಗಾದಿಯವರೆಗೆ ನಾನು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕುಣಿಯುತ್ತ ಹೋಗುವುದೆಂದು ನಿಶ್ಚಯವಾಗಿತ್ತು. ಬೆನ್ನು ನೋವಿಗೆ ವಯಸ್ಸು ಕಾರಣವೆಂದು ಮನೆಯಲ್ಲಿ ಹೇಳಿದೆ. ಅವ್ವ ಪ್ರತಿ ಸಂಜೆ ಎಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದಳು. ತಿಕ್ಕಿಸಿಕೊಳ್ಳುತ್ತ ಬೋರಲು ಮಲಗಿಯೇ ನಾನು ಜೂಜಿನ ವಿರುದ್ಧದ ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದೆ.

ಸೋತವನಿಗೆ ಮನೆಯವರ ಮೇಲೆ ಶಿಸ್ತು ಹೇರುವ ಹುರುಪು ಜಾಸ್ತಿ. ಒಂದು ದಿನ ಊಟಕ್ಕೆ ಕೂತಾಗ ಘೋಷಿಸಿಬಿಟ್ಟೆ: ಚರ್ಚೆ ಮುಗಿದ ಮರುದಿನವೇ ಕೇಬಲ್ ತೆಗೆಸುತ್ತೇನೆ, ಈ ಜೂಜಾಟ ನಮ್ಮ ಮನೆಯಲ್ಲಿ ಬೇಡ. ನೀಲಾ ನನ್ನನ್ನು ನೋಡಿದಳು. ಅವ್ವ ತಟ್ಟೆಯಿಂದ ತಲೆ ಎತ್ತದೆ, "ತಗಸಪ್ಪಾ. ಮನಿ ನಿಂದು," ಎಂದಳು. ಆ ಮನೆ ನನ್ನದೆಂದು ಅವ್ವ ಹೇಳಿದ್ದು ಅದೇ ಮೊದಲು. ಮರುದಿನದಿಂದ ಎಣ್ಣೆ ತಿಕ್ಕುವುದು ನಿಂತಿತು. ಮಾತೂ ನಿಂತಿತು. ಹಪ್ಪಳ ಬೇಕಿದ್ದರೆ ನೀಲಾಳ ಮೂಲಕ ಅರ್ಜಿ ಹಾಕಬೇಕಾಯಿತು. "ಅತ್ತೀಗಿ ಇರೋದು ಅದೊಂದಽ ನೋಡ್ರಿ," ಎಂದು ನೀಲಾ ಒಳಗೆ ಕರೆದು ಹೇಳಿದಳು. "ಉಳಿದ ದಿನ ಟಿವಿ ಕಡೀಗಿ ಮುಖಾ ಸೈತ ಹಾಕಂಗಿಲ್ಲ. ಆಕಿ ಅದನ್ನ ಯಾಕ ನೋಡ್ತಾಳಂತ ಒಮ್ಮೆರ ಕೇಳೀರೇನು ನೀವು?" ಕೇಳಿರಲಿಲ್ಲ. ಲಕ್ಷಣ ಬರೆಯುವವನು ಕಾರಣ ಕೇಳುತ್ತಾನೆಯೇ?

ಚರ್ಚೆಗೆ ಮುಂಚಿನ ಕೊನೆಯ ಶುಕ್ರವಾರ. ವಿದ್ಯಾ ಕೂಡ ಕೆಳಗೆ ಬಂದು ಅವ್ವನ ಪಕ್ಕ ನೆಲದ ಮೇಲೆ ಕೂತಿದ್ದಳು. ಆ ದಿನ ಕುರ್ಚಿಗೆ ಬಂದವನು ಹುಡುಗನಲ್ಲ. ಐವತ್ತು ದಾಟಿದ, ಮೀಸೆ ಬಿಟ್ಟ, ತೋಳು ಮಡಚಿದ ಬಿಳಿ ಅಂಗಿಯ ಮನುಷ್ಯ. ಜನರ ನಡುವೆ ಕೂತಿದ್ದ ಅವನ ಹೆಂಡತಿಯನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ನಾಲ್ಕನೆಯ ಬಾಗಿಲು ತೆರೆಯಿತು, ಸ್ಕೂಟರ್ ಬಂತು. ನಾನು ಪೆನ್ನು ತೆರೆದು ಅವ್ವನ ಕೂಗಾಟಕ್ಕೆ ಕಾದೆ. ಅವ್ವ ಕೂಗಲಿಲ್ಲ. ಪರದೆಯ ಅಂಚನ್ನು ಹಿಡಿದುಕೊಂಡು, ಬಹಳ ಮೆಲ್ಲಗೆ, ಮೂರು ಸಲ ಕೆಮ್ಮಿದಳು.

ಆ ಕೆಮ್ಮನ್ನು ನಾನು ಮೂವತ್ತು ವರ್ಷದಿಂದ ಕೇಳಿರಲಿಲ್ಲ. ಇದೇ ಪಡಸಾಲೆ. ಟಿವಿ ಇಟ್ಟಿದ್ದ ಆ ಜಾಗದಲ್ಲೇ ಹಿಂದೆ ಜಮಖಾನೆ ಹಾಸಿ, ಪ್ರತಿ ಭಾನುವಾರ ಅಪ್ಪ ಮತ್ತು ಅವನ ವರ್ಕ್‌ಶಾಪಿನ ಗೆಳೆಯರು ಇಸ್ಪೀಟಿಗೆ ಕೂರುತ್ತಿದ್ದರು. ಪಣವೇನು ದೊಡ್ಡದಲ್ಲ; ಒಂದು ಸಿನಿಮಾ ಟಿಕೀಟು, ಒಂದು ಡಜನ್ ಬಾಳೆಹಣ್ಣು. ಆದರೆ ಕೂತರೆ ಏಳುತ್ತಿರಲಿಲ್ಲ. ಹತ್ತು ಗಂಡಸರ ಮುಂದೆ ಬಂದು ಗಂಡನಿಗೆ ಏಳಿ ಎನ್ನುವ ಪದ್ಧತಿ ನಮ್ಮ ಮನೆಗಳಲ್ಲಿ ಇರಲಿಲ್ಲ. ಹೆಸರು ಹಿಡಿದು ಕರೆಯುವುದಂತೂ ದೂರವೇ ಉಳಿಯಿತು. ಅದಕ್ಕೆ ಅವ್ವ ಪರದೆಯ ಹಿಂದೆ ಮಣೆ ಹಾಕಿಕೊಂಡು ಕೂತು ಕೆಮ್ಮುತ್ತಿದ್ದಳು. ಒಂದು ಕೆಮ್ಮಿಗೆ ಚಹಾ ಆಗಿದೆ ಎಂದರ್ಥ. ಎರಡಕ್ಕೆ ಊಟ ಆರುತ್ತಿದೆ. ಮೂರು ಕೆಮ್ಮಿದರೆ, ಸಾಕು, ಏಳ್ರಿ. ಅಪ್ಪನಿಗೆ ಮೊದಲನೆಯದು ಮಾತ್ರ ಕೇಳಿಸುತ್ತಿತ್ತು. ಉಳಿದದ್ದಕ್ಕೆಲ್ಲ ಎಲೆಯಿಂದ ಕಣ್ಣು ತೆಗೆಯದೆ, "ಇದೊಂದು ಆಟ ಮುಗಿಸಿ ಬಂದೆ," ಎನ್ನುತ್ತಿದ್ದ. ಒಂದು ದಿನ ಅವನ ಗೆಳೆಯರೊಬ್ಬರು, "ಏನ್ರೀ, ನಿಮ್ಮ ಮನಿಯವರಿಗಿ ಭಾಳ ಕೆಮ್ಮು ಐತಲ್ಲ, ಡಾಕ್ಟರಿಗಿ ತೋರಸ್ರಿ," ಎಂದರು. ಅಪ್ಪ ಕೆಟ್ಟವನಲ್ಲ. ಮರುದಿನ ಕೆಲಸದಿಂದ ಬರುವಾಗ ಕೆಮ್ಮಿನ ಔಷಧಿಯ ಬಾಟಲಿಯನ್ನೇ ತಂದ. ಅವ್ವ ಅವನ ಎದುರಿಗೇ ಒಂದು ಚಮಚ ಕುಡಿದಳು.

ಆಮೇಲೆ ಚಿಕ್ಕವ್ವನ ಮದುವೆ ಬಂತು. ಅವ್ವನಿಗೆ ಬೆನ್ನಿಗೆ ಬಿದ್ದ ಒಬ್ಬಳೇ ತಂಗಿ. ಭಾನುವಾರ ಮಧ್ಯಾಹ್ನ ನಾಂಪಲ್ಲಿಯಿಂದ ರೈಲು, ಸೋಮವಾರ ಬೆಳಿಗ್ಗೆ ಅಕ್ಕಿಕಾಳಿನ ಮುಹೂರ್ತ. ಟ್ರಂಕು ಬಾಗಿಲಲ್ಲಿತ್ತು. ಅವ್ವ ಹಸಿರು ಇಳಕಲ್ ಸೀರೆ ಉಟ್ಟು, ಪರದೆಯ ಹಿಂದೆ ನಿಂತು ಮೂರು ಸಲ ಕೆಮ್ಮಿದಳು. ಮತ್ತೆ ಮೂರು. ಮತ್ತೆ ಮೂರು. ಅಪ್ಪ ಗೆಲ್ಲುತ್ತಿದ್ದ, ಅದೇ ಕೆಟ್ಟದ್ದಾಯಿತು. ನಾವು ನಾಂಪಲ್ಲಿ ಮುಟ್ಟಿದಾಗ ಪ್ಲಾಟ್‌ಫಾರಮ್ಮಿನಲ್ಲಿ ಕೂಲಿಗಳು ಬೀಡಿ ಸೇದುತ್ತ ಕೂತಿದ್ದರು. ಮರುದಿನದ ರೈಲು ಹಿಡಿದು ಹೋಗುವಷ್ಟರಲ್ಲಿ ಹಂದರ ಬಿಚ್ಚುತ್ತಿದ್ದರು, ಚಿಕ್ಕವ್ವ ಗಂಡನ ಮನೆಗೆ ಹೋಗಿಯಾಗಿತ್ತು. ನಮಗೆ ಉಳಿದ ಬುಂದಿ ಕೊಟ್ಟರು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಅವ್ವ ಕೈಯಲ್ಲಿ ಹಿಡಿದು ತಂದಿದ್ದ ಅರಿಶಿನದ ಅಕ್ಕಿಯನ್ನು ಏನು ಮಾಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನದಿಂದ ಅವಳು ಪರದೆಯ ಹಿಂದೆ ಕೂತು ಕೆಮ್ಮುವುದನ್ನು ಬಿಟ್ಟಳು.

ಟಿವಿಯಲ್ಲಿ ಆ ಮೀಸೆಯ ಮನುಷ್ಯ ಏಳಲಿಲ್ಲ. ಐದನೆಯ ಬಾಗಿಲು ಖಾಲಿ. "ಅಯ್ಯೋ, ಸ್ಕೂಟರ್ ಹೋಯ್ತಲ್ಲಜ್ಜಿ!" ಎಂದಳು ವಿದ್ಯಾ. "ಸ್ಕೂಟರ್ ಹೋಗ್ಲವ್ವಾ," ಎಂದಳು ಅವ್ವ, "ಆಕಿ ಮುಖ ನೋಡು. ಆಕೀದೇನು ಹೋತು ಅಂತ ಯಾರಿಗಿ ಗೊತ್ತೈತಿ?" ವಿದ್ಯಾ ಅವ್ವನ ಕಡೆ ತಿರುಗಿ, "ಇಷ್ಟು ಬೇಜಾರಾದ್ರೆ ಯಾಕಜ್ಜಿ ನೋಡ್ತೀರಾ ಇದನ್ನ?" ಎಂದು ಕೇಳಿದಳು. ನಾನು ಎರಡು ವರ್ಷದಲ್ಲಿ ಕೇಳದ್ದನ್ನು ಆ ಹುಡುಗಿ ಕೇಳಿತು. "ಒಬ್ಬರರ ಏಳ್ತಾರೇನು ಅಂತ ನೋಡಾಕತ್ತೀನಿ," ಎಂದು ಅವ್ವ ಭಕ್ರಿ ತಟ್ಟಲು ಒಳಗೆ ಹೋದಳು. ನನ್ನ ನೋಟ್‌ಬುಕ್ ತೊಡೆಯ ಮೇಲೆ ತೆರೆದೇ ಇತ್ತು. ನನಗೆ ಬಹಳ ನಾಚಿಕೆಯಾಯಿತು.

ಅವ್ವನ ಲಕ್ಷಣಗಳಿದ್ದ ಭಾಗವನ್ನು ಭಾಷಣದಿಂದ ಹೊಡೆದುಹಾಕಿದೆ. ಅಷ್ಟರಮಟ್ಟಿಗೆ ನಾನು ಒಳ್ಳೆಯವನೇ. ಕಷ್ಟವಾದದ್ದು ವೇದಿಕೆಯ ಮೇಲೆ. ಆ ಭಾನುವಾರ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಅವ್ವ, ನೀಲಾ. ಅವ್ವ ಇನ್ನೂ ಮಾತು ಬಿಟ್ಟಿದ್ದಳು, ಆದರೆ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಪಕ್ಕದಲ್ಲಿ ಗಂಟೆ ಹಿಡಿದ ವಿದ್ಯಾ. ಧರ್ಮರಾಯನಿಂದ ಶುರುಮಾಡಿದೆ, ಚಪ್ಪಾಳೆ ಬಿತ್ತು. ಕೋಟಿನ ನಿರೂಪಕನ ಅಣಕು ಮಾಡಿದೆ, ಹುಡುಗರು ಸಿಳ್ಳೆ ಹಾಕಿದರು. ಇಷ್ಟು ವರ್ಷ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತವನಿಗೆ ಮುನ್ನೂರು ಜನ ಒಟ್ಟಿಗೆ ನಕ್ಕರೆ ತಲೆ ನಿಲ್ಲುತ್ತದೆಯೇ? ಏಳು ನಿಮಿಷಕ್ಕೆ ವಿದ್ಯಾ ಗಂಟೆ ಬಾರಿಸಿದಳು. ಬಹುಮಾನ ನನ್ನದೇ ಎಂದು ತೀರ್ಪುಗಾರರ ಮುಖದಲ್ಲೇ ಕಾಣುತ್ತಿತ್ತು. ಅಲ್ಲಿಗೆ ಇಳಿದಿದ್ದರೆ ಆಗುತ್ತಿತ್ತು. ಇನ್ನೊಂದು ಚಪ್ಪಾಳೆ ಬೇಕೆನಿಸಿತು. ಇನ್ನೊಂದು ನಗು. ಎರಡನೆಯ ಗಂಟೆಯೂ ಬಿತ್ತು. "ಅಂಕಲ್, ಟೈಮ್!" ಎಂದು ವಿದ್ಯಾ ಕೈ ಆಡಿಸಿದಳು. ಜನ ನನ್ನ ಕಡೆಗಿದ್ದರು, ಅವರನ್ನು ಅಳಿಸಿಬಿಟ್ಟರೆ ಮುಗಿಯಿತು ಎನಿಸಿತು. ಅಳಿಸುವ ಸಾಮಾನು ನನ್ನ ಹತ್ತಿರವಿತ್ತು. "ಸಭಿಕರೇ, ನನಗೆ ಹತ್ತಿರದ ಒಬ್ಬ ತಾಯಿ," ಎಂದು ದನಿ ಇಳಿಸಿದೆ, "ಒಂದು ಭಾನುವಾರ, ಹಸಿರು ಸೀರೆ ಉಟ್ಟು, ಪರದೆಯ ಹಿಂದೆ..."

ಮೊದಲ ಸಾಲಿನಿಂದ ಕೆಮ್ಮು ಕೇಳಿಸಿತು. ಒಂದು. ಎರಡು. ಮೂರು.

ಯಾರೋ ನೀರು ತರಲು ಎದ್ದರು. ಅವ್ವ ನೀರು ಬೇಡವೆಂದು ಕೈಯಾಡಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಮಾನವನ್ನೇ ಒಂದು ಚಪ್ಪಾಳೆಗೆ ಪಣವಿಟ್ಟು ನಿಂತಿದ್ದೆ. "ಇಷ್ಟೇ, ನಮಸ್ಕಾರ," ಎಂದು ಇಳಿದುಬಿಟ್ಟೆ. ಅರ್ಧಕ್ಕೇ ನಿಂತ ಭಾಷಣಕ್ಕೆ ಅರ್ಧ ಚಪ್ಪಾಳೆ ಬಿತ್ತು. ಸಮಯ ಮೀರಿದ್ದಕ್ಕೆ ಅಂಕ ಕಡಿತವಾಗಿ, ಬಹುಮಾನದ ಸ್ಟೀಲ್ ಡಬ್ಬಿಗಳು ಜೂಜಿನ ಷೋ ಮನರಂಜನೆಯೆಂದು ವಾದಿಸಿದ ಒಬ್ಬ ಮಂಗಳೂರಿನ ಹುಡುಗನ ಪಾಲಾದವು.

ಮನೆಗೆ ಬರುವಾಗ ಆಟೋದಲ್ಲಿ ಅವ್ವ ನಮ್ಮಿಬ್ಬರ ನಡುವೆ ಕೂತಿದ್ದಳು. ಆಟೋ ಬೋವೆನಪಲ್ಲಿ ದಾಟಿತು. ಕೊನೆಗೆ ನಾನೇ, "ತಪ್ಪಾತಬೇ ಅವ್ವಾ," ಎಂದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ನಿಮ್ಮಪ್ಪಗ ಕೆಮ್ಮಿ ಕೆಮ್ಮಿ ನನ್ನ ಗಂಟಲಾ ಹರೀತೋ ತಮ್ಮಾ. ಒಮ್ಮೆರ ಎದ್ದು ಬಂದಿದ್ದಿಲ್ಲ ಪುಣ್ಯಾತ್ಮ. ನೀ ಇಳದು ಬಂದಿ, ಸಾಕು," ಎಂದಳು. ನನಗೆ ಕಣ್ಣು ತುಂಬಿ ಬಂತು. ಆಟೋದ ಹೊಗೆಯ ಮೇಲೆ ಹಾಕಿದೆ. ಅಷ್ಟರಲ್ಲಿ ಅವ್ವ, "ಅದಿರ್ಲಿ, ಆ ಬಸ್ಸಿನ ಸೀಟು ಯಾವಾಗ ತಿರುಗಿ ಬರ್ತೈತಿ?" ಎಂದು ಕೇಳಿದಳು. ಯಾದಗಿರಿಯ ಹೆಂಡತಿಯೂ ಅವ್ವನೂ ತರಕಾರಿ ಕೊಳ್ಳುವುದು ಒಂದೇ ಬಂಡಿಯಲ್ಲಿ ಎಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಎಣ್ಣೆ ತಿಕ್ಕಿದಷ್ಟು ದಿನವೂ ಅವಳಿಗೆ ಎಲ್ಲ ಗೊತ್ತಿತ್ತು. ನೀಲಾ ಆಟೋದ ಹೊರಗೆ ಮುಖ ತಿರುಗಿಸಿ ನಗುತ್ತಿದ್ದಳು.

ಕೇಬಲ್ ಉಳಿಯಿತು. ಎರಡು ವಾರದ ಮೇಲೆ ಒಂದು ಸಣ್ಣ ಊರಿನ ಹೆಂಗಸು ಮೊದಲನೆಯ ಬಾಗಿಲಿಗೇ ಎದ್ದು, ಮಿಕ್ಸರನ್ನು ಸೊಂಟಕ್ಕೆ ಇಟ್ಟುಕೊಂಡು, "ಬಸ್, ಘರ್ ಜಾನಾ ಹೈ," ಎಂದು ನಡೆದೇಬಿಟ್ಟಳು. ಅವ್ವ ಚಪ್ಪಾಳೆ ತಟ್ಟಿ, ಮೇಲಿನಿಂದ ವಿದ್ಯಾಳನ್ನು ಕರೆಸಿ, ಎಲ್ಲರ ಬಾಯಿಗೆ ಸಕ್ಕರೆ ಹಾಕಿದಳು. ಯುಗಾದಿಗೆ ನನ್ನ ಸೀಟೂ ವಾಪಸು ಬಂತು. ಈಗ ಯಾರಾದರೂ ಆ ಷೋಗಳು ನೋಡುಗರಿಗೆ ಹಾನಿಕರವೇ ಎಂದು ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದನ್ನು ತಪ್ಪದೆ ನೋಡಿದವಳು ಅವ್ವ, ಅವಳಿಗೆ ಏನೂ ಆಗಲಿಲ್ಲ. ಹಾನಿಯಾದದ್ದು ಅವಳನ್ನು ನೋಡಿ ನೋಟ್ಸ್ ಬರೆದುಕೊಂಡವನಿಗೆ. ಆ ಪರದೆ, ಆ ಮಣೆ, ಪರಾತದಲ್ಲಿ ಕಾಯುತ್ತಿದ್ದ ಹಿಟ್ಟು, ಎಲ್ಲ ನೆನಪಾಗುತ್ತದೆ. ಭಕ್ರಿ ಎಷ್ಟು ತಡವಾದರೂ ಪರವಾಗಿಲ್ಲ, ಒಂದು ಶುಕ್ರವಾರ ಅವಳು ಮತ್ತೆ ಕೂತು ಯಾರನ್ನಾದರೂ ಬೈಯಲಿ ಎನಿಸುತ್ತದೆ.

ನಿವೃತ್ತನಾದ ಮೇಲೆ ನನಗೆ ಬರೆಯುವ ಗೀಳು ಅಂಟಿಕೊಂಡಿದೆ. ಅದೇ ಪಡಸಾಲೆಯಲ್ಲಿ, ಅಪ್ಪ ಜಮಖಾನೆ ಹಾಸುತ್ತಿದ್ದ ಜಾಗದಲ್ಲೇ ಮೇಜು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇವತ್ತು ನೀಲಾಳ ಅಣ್ಣನ ಮನೆಯಲ್ಲಿ ಮೊಮ್ಮಗನ ತೊಟ್ಟಿಲು, ಹನ್ನೊಂದಕ್ಕೆ ಹೊರಡಬೇಕೆಂದು ಬೆಳಿಗ್ಗೆಯೇ ಹೇಳಿದ್ದಾಳೆ. ಆಗಲೇ ಪರದೆಯ ಹಿಂದಿನಿಂದ ಕೆಮ್ಮು ಕೇಳಿಸಿತು. ಅತ್ತೆಯಿಂದ ಅವಳು ಕಲಿತದ್ದು ಹೋಳಿಗೆ ಮಾಡುವುದೊಂದೇ ಎಂದುಕೊಂಡಿದ್ದೆ. ಮೂರು ಸಲ ಕೆಮ್ಮಿದಳು. "ಇದೊಂದು ಸಾಲು ಮುಗಿಸಿ ಬಂದೆ," ಎಂದು ಹಾಳೆಯಿಂದ ಕಣ್ಣು ತೆಗೆಯದೆ ಕೂಗಿದೆ. ಹಾಗೆ ಕೂಗಿದ ಮೇಲೆ ಇದು ನಾಲ್ಕನೆಯ ಪುಟ.